ಬುಟ್ಟಿಯ ಮೇಲಿದ್ದ ನೇರಳೆ ಪ್ಯಾಕೆಟ್

ನಮ್ಮ ಎದುರುಮನೆ ದೊಡ್ಡಮ್ಮ ಸಾಮಾನು ತರುವುದನ್ನು ನೀವು ಒಂದು ಸಲ ನೋಡಬೇಕಿತ್ತು. ಇನ್ನು ನೋಡಲಾಗುವುದಿಲ್ಲ, ತೀರಿಕೊಂಡಳು. ಅದಕ್ಕೇ ನಾನು ಹೇಳುತ್ತಿದ್ದೇನೆ. ನನ್ನಷ್ಟು ಹತ್ತಿರದಿಂದ ನೋಡಿದವರು ಮಧುಗಿರಿಯಲ್ಲಿ ಬೇರೆ ಯಾರೂ ಇಲ್ಲ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ ಅಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ರಕ್ತ ಇಲ್ಲ, ಒಂದು ಚರಂಡಿ ಇದೆ. ಅದರ ಮೇಲೆ ಒಂದು ಚಪ್ಪಡಿ ಹಾಕಿದ್ದಾರೆ. ಆ ಚಪ್ಪಡಿಯೇ ನಮ್ಮ ಸಂಬಂಧ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಬರುತ್ತದೆ ಅಂತ ಊರಿಗೆಲ್ಲ ಗೊತ್ತಾಗುವ ಹಾಗೆ ಬರುತ್ತಿತ್ತು. ಹಾಗಾಗಿ ಬಸ್ ಸ್ಟ್ಯಾಂಡ್ ಹಿಂದೆ ಹೊಸ ಮಾರ್ಟ್ ತೆರೆದಾಗ ಅವಳು ಕನ್ನಡಕದ ಬದಲು ನನ್ನನ್ನು ಕರೆದುಕೊಂಡು ಹೋಗಲು ಶುರು ಮಾಡಿದಳು.

ಒಳಗೆ ಕಾಲಿಟ್ಟವಳೇ ನೇರ ಟೀ ಪುಡಿಯ ಸಾಲಿಗೆ. ಅಲ್ಲಿ ಕಂಪನಿಯ ನೇರಳೆ ಪ್ಯಾಕೆಟ್ ಒಂದನ್ನು ಎತ್ತಿ ಬುಟ್ಟಿಯೊಳಗೆ ಇಡುತ್ತಿದ್ದಳು. ಕಪ್ ಹಿಡಿದು ನಗುವ ಹೆಂಗಸಿನ ಚಿತ್ರ ಇರುತ್ತಲ್ಲ, ಆ ಪ್ಯಾಕೆಟ್. ಆಮೇಲೆ ಅದರ ಕೆಳಗೆ ಒಂದೊಂದಾಗಿ ಮಾರ್ಟ್‌ನವರದೇ ಹೆಸರಿನ ಹಳದಿ ಪ್ಯಾಕೆಟ್‌ಗಳು ಸೇರುತ್ತಿದ್ದವು. ಹಳದಿ ತೊಗರಿಬೇಳೆ, ಹಳದಿ ಅರಿಶಿನ, ಹಳದಿ ಸೋಪಿನ ಪುಡಿ, ಹಳದಿ ಟೀ ಪುಡಿ. ಎಷ್ಟೇ ಹಳದಿ ಸೇರಿದರೂ ನೇರಳೆ ಹೆಂಗಸು ಮಾತ್ರ ಮೇಲೆಯೇ, ಮುಖ ಹೊರಕ್ಕೆ ಹಾಕಿಕೊಂಡು ಕೂತಿರುತ್ತಿದ್ದಳು. ಎದುರಿಗೆ ಬ್ಯಾಂಕಿನವರ ಹೆಂಡತಿಯೋ ಮೇಷ್ಟರ ತಂಗಿಯೋ ಸಿಕ್ಕರೆ ದೊಡ್ಡಮ್ಮ ಬುಟ್ಟಿಯನ್ನು ಸೊಂಟದಿಂದ ಎದೆಯ ಮಟ್ಟಕ್ಕೆ ಎತ್ತಿ ಮಾತಾಡುತ್ತಿದ್ದಳು. ಮಾರ್ಟ್ ಪೂರ್ತಿ ಒಂದು ಸುತ್ತು ಉತ್ಸವ ಮುಗಿದು ಬಿಲ್ಲಿನ ಹುಡುಗಿಯ ಮುಂದೆ ಬಂದಾಗ, ಏನೋ ಈಗ ಜ್ಞಾಪಕ ಬಂದವಳ ಹಾಗೆ, "ಅಯ್ಯೋ, ಇದು ಮನೇಲೈತೆ ಕಣಮ್ಮ, ತೆಗೆದಿಡು" ಅನ್ನುತ್ತಿದ್ದಳು. ಉತ್ಸವಮೂರ್ತಿ ಗುಡಿಗೆ ವಾಪಸ್. ಬಿಲ್ಲಾಗುತ್ತಿದ್ದುದು ಹಳದಿ ಮಾತ್ರ.

ಬಿಲ್ಲಿನ ಹುಡುಗಿ ಮೊದಮೊದಲು ಮುಖ ನೋಡುತ್ತಿದ್ದಳು. ಆಮೇಲಾಮೇಲೆ ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ನೇರಳೆ ಪ್ಯಾಕೆಟ್ ತೆಗೆದು ಪಕ್ಕಕ್ಕೆ ಇಡುತ್ತಿದ್ದಳು. ಒಂದೇ ಪ್ಯಾಕೆಟ್ ಅಷ್ಟು ಸಲ ಬುಟ್ಟಿ ಹತ್ತಿ ಇಳಿದು, ಅದರ ಮೇಲಿನ ಹೆಂಗಸಿನ ಮೂಗು ಅಳಿಸಿ ಹೋಗಿತ್ತು ಅಂತ ನಾನು ಕಾಲೇಜಿನಲ್ಲಿ ಹೇಳುತ್ತಿದ್ದೆ. ಮೂಗು ಅಳಿಸಿರಲಿಲ್ಲ. ಮೂಲೆ ಸ್ವಲ್ಪ ಮುದುಡಿತ್ತು, ಅಷ್ಟೇ.

ಆರಿಸುವುದರಲ್ಲಿ ಅವಳದೇ ಪದ್ಧತಿ ಇತ್ತು. ಬೇಳೆಯ ಎರಡು ಪ್ಯಾಕೆಟ್‌ಗಳನ್ನು ಎರಡು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು. ದೂರದಿಂದ ನೋಡಿದವರಿಗೆ ಎರಡು ಫೋನಿನಲ್ಲಿ ಇಬ್ಬರ ಜೊತೆ ಜಗಳ ಆಡುತ್ತಿದ್ದಾಳೆ ಅನ್ನಿಸಬೇಕು. ಏನು ಕೇಳಿಸುತ್ತೆ ದೊಡ್ಡಮ್ಮ ಅಂದರೆ, "ಕಂಪ್ನೀದು ಗಲಗಲ ಅಂತ ಜಂಬ ಮಾಡ್ತೈತೆ. ಇದು ಸುಮ್ಕೈತೆ. ಸುಮ್ಕಿರೋದೇ ಬೇಯೋದು" ಅಂದಿದ್ದಳು. ಇನ್ನೊಂದು ಸಲ, ಪ್ಯಾಕೆಟ್ ಯಾಕೆ ಅಷ್ಟು ಚೆಂದ ಮಾಡುತ್ತಾರೆ ಅಂತ ನಾನು ಕೇಳಿದ್ದಕ್ಕೆ, ಸೆರಗು ಯಾಕಿರುತ್ತೆ, ರವಿಕೆ ಹರಿದಿದ್ದು ಕಾಣದಿರಲಿ ಅಂತ ತಾನೇ ಅಂದಳು. ನಾನು ಪಿಯುಸಿಯಲ್ಲಿ ಕಾಮರ್ಸ್. ಬ್ರಾಂಡ್ ಅಂದರೆ ಏನು ಅಂತ ನಮ್ಮ ಮೇಡಂ ಕೇಳಿದಾಗ ಎದ್ದು ನಿಂತು ಸೆರಗು ಅಂದೆ. ಹೊರಗೆ ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಎರಡನೇ ಭಾಗ. ಅಡುಗೆಮನೆಯ ಕಪಾಟಿನಲ್ಲಿ ಕಂಪನಿಯ ಹೆಸರಿದ್ದ ಒಂದು ನೇರಳೆ ಡಬ್ಬಿ ಇತ್ತು. ಟೀ ಪುಡಿಯ ಹಳದಿ ಪ್ಯಾಕೆಟ್ ಕತ್ತರಿಸಿ ಅದರೊಳಗೆ ಸುರಿಯುತ್ತಿದ್ದಳು. ಖಾಲಿ ಕವರನ್ನು ಒಲೆಗೆ ಹಾಕುವಂತಿಲ್ಲ, ವಾಸನೆ ಬರುತ್ತೆ. ಕಸಕ್ಕೆ ಹಾಕುವಂತಿಲ್ಲ, ಕಾಣುತ್ತೆ. ಮಡಚಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಅದನ್ನು ಕಾಲೇಜ್ ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗಿ ದೂರದ ತೊಟ್ಟಿಯಲ್ಲಿ ಹಾಕಬೇಕು. ನನ್ನ ಅಕೌಂಟೆನ್ಸಿ ಪುಸ್ತಕಕ್ಕೆ ಇವತ್ತಿಗೂ ಟೀ ವಾಸನೆ. ಡಬ್ಬಿಯ ಮುಚ್ಚಳ ಬಿಗಿ. ಕೈಯಿಂದ ಕೂರುತ್ತಿರಲಿಲ್ಲ. ಅದನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಕೂತು, ಮೊಣಕೈಯಿಂದ ಒತ್ತುತ್ತಿದ್ದಳು. ಟಕ್ ಅನ್ನುತ್ತಿತ್ತು. "ಅಂತೇ" ಅನ್ನುತ್ತಿದ್ದಳು ತೆಲುಗಿನಲ್ಲಿ. ಅಷ್ಟೇ, ಮುಗೀತು ಅಂತ.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ಅವಳ ಮದುವೆಯವರೆಗೆ ಹೋಗಬೇಕು.

ಅವಳ ತವರು ಪಾವಗಡದ ಕಡೆ, ರಾಯಚರ್ಲು ಹತ್ತಿರದ ಒಂದು ಹಳ್ಳಿ. ಈಗ ಅಲ್ಲಿ ಎಲ್ಲಿ ನೋಡಿದರೂ ಸೋಲಾರ್ ಗಾಜು. ಆಗ ಏನೂ ಇರಲಿಲ್ಲವಂತೆ, ಬಿಸಿಲು ಬಿಟ್ಟಿ ಬಿದ್ದಿತ್ತು. ಮಧುಗಿರಿಯಿಂದ ಹೆಣ್ಣು ನೋಡಲು ಬಂದವರಿಗೆ ಸಂತೆಯಿಂದ ತಂದ ಬಿಡಿ ಟೀ ಪುಡಿ ಹಾಕಿ ಟೀ ಕೊಟ್ಟರು. ಹುಡುಗನ ತಾಯಿ ಲೋಟದ ತಳ ನೋಡಿ, "ಪಾವಗಡದೋರು ಧೂಳನ್ನೇ ಕುದಿಸಿ ಟೀ ಅಂತಾರೆ" ಅಂದಳಂತೆ. ಮದುವೆ ಆಯಿತು. ಮಾತು ಮಾತ್ರ ಮದುಮಗಳ ಜೊತೆಗೇ ಬಂದು ಮನೆ ಸೇರಿತು. ಸಾರಿಗೆ ಉಪ್ಪು ಹೆಚ್ಚಾದರೆ ಧೂಳು ಕುಡಿಯೋರು, ಮಗು ಅತ್ತರೆ ಧೂಳು ಕುಡಿಯೋರು. ಅತ್ತೆ ತೀರಿಕೊಂಡಾಗ ಓಲೆ, ಸರ ಎಲ್ಲ ಪಾಲಾಯಿತು. ಈ ಮಾತು ಸಿರಾಕ್ಕೆ ಮದುವೆ ಆಗಿ ಹೋಗಿದ್ದ ನಾದಿನಿಯ ಪಾಲಿಗೆ ಹೋಯಿತು. ಅವರು ಅದನ್ನು ಒಡವೆಯ ಹಾಗೆ ಹಬ್ಬಕ್ಕೊಂದು ಸಲ ಹಾಕಿಕೊಂಡು ಬರುತ್ತಿದ್ದರು.

ದೊಡ್ಡಪ್ಪನೇನೂ ಕಡಿಮೆ ಇಲ್ಲ. ರಿಟೈರ್ ಆಗುವ ತನಕ ಬಸ್ ಓಡಿಸಿದವನು, ಅದೂ ಪಾವಗಡದ ರೂಟಿನಲ್ಲೇ. ಆದರೂ ತನ್ನ ಬಾಯಿಂದ ಒಂದು ತೆಲುಗು ಪದ ಬಿದ್ದಿಲ್ಲ ಅಂತ ಅವನ ಹೆಮ್ಮೆ. ತೆಲುಗಿನಲ್ಲಿ ದಾರಿ ಕೇಳಿದವರಿಗೂ ಕನ್ನಡದಲ್ಲೇ ತಪ್ಪು ದಾರಿ ಹೇಳಿದವನು. ಬೀದಿಬದಿ ಟೀ ಕುಡಿದು ಕುಡಿದು ನಾಲಿಗೆ ಎಷ್ಟು ಪಳಗಿದೆಯೆಂದರೆ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರೆ ಕೊರಟಗೆರೆ ನೀರೋ ಸಿರಾ ನೀರೋ ಹೇಳುತ್ತೇನೆ ಅನ್ನುತ್ತಿದ್ದ. ಅವನ ಪ್ರಕಾರ ಟೀ ಅಂದರೆ ಕಂಪನೀದು, ಅದೂ ನೇರಳೆ. ಉಳಿದದ್ದೆಲ್ಲ ಹಂಡೆ ತೊಳೆದ ನೀರು.

ಹಾಗಾಗಿ ದೊಡ್ಡಮ್ಮ ಮದುವೆಯಾದಾಗಿನಿಂದ ಕಂಪನಿ ಟೀ ಮಾಡಿದಳು, ಕುಡಿದಳು, ಏನೂ ಹೇಳಲಿಲ್ಲ. ಮಾರ್ಟ್ ತೆರೆದ ಹೊಸದರಲ್ಲಿ ಬಾಗಿಲ ಹತ್ತಿರ ಮೇಜು ಹಾಕಿ, ತಮ್ಮದೇ ಟೀ ಪುಡಿಯ ರುಚಿ ನೋಡಿ ಅಂತ ಪುಟ್ಟ ಪೇಪರ್ ಲೋಟಗಳಲ್ಲಿ ಕೊಡುತ್ತಿದ್ದರು. ಅವಳು ಒಂದು ಲೋಟ ಕುಡಿದು ನಿಂತುಬಿಟ್ಟಳು. ಹಿಂದೆ ಸಾಲು ಬೆಳೆಯಿತು. ನಾನು ಕೈ ಎಳೆದೆ.

"ಏಮೇ, ಇದು ನಮ್ಮಮ್ಮನ ಮನೆ ಟೀ ಕಣೇ" ಅಂದಳು.

ಆಮೇಲೆ ತಲೆ ಮೇಲೆ ಸೆರಗು ಹೊದ್ದು, ಬೇರೆ ಯಾರೋ ಹೆಂಗಸಿನ ಹಾಗೆ ಇನ್ನೊಂದು ಬಾಗಿಲಿಂದ ಬಂದು ಮತ್ತೊಂದು ಲೋಟ ಇಸಿದುಕೊಂಡಳು. ಅದು ಆದಮೇಲೆ ಕುಂಟುತ್ತಾ ಬಂದು ಇನ್ನೊಂದು. ಕುಂಟಿದ್ದು ನಾನು ಸೇರಿಸಿದ್ದು. ಸೆರಗು ನಿಜ.

ಡಬ್ಬಿಯ ಆಟ ಶುರುವಾದದ್ದು ಹಾಗೆ. ಮೊದಲ ದಿನ ದೊಡ್ಡಪ್ಪ ಜಗುಲಿಯಲ್ಲಿ ಕೂತು ಆ ಟೀ ಕುಡಿಯುವಾಗ ನಾವಿಬ್ಬರೂ ಅಡುಗೆಮನೆಯ ಬಾಗಿಲ ಸಂದಿಯಲ್ಲಿ. ಅವನು ಗುಟುಕರಿಸಿದ, ನಾಲಿಗೆ ತಿರುಗಿಸಿದ, ಆಕಾಶ ನೋಡಿದ. "ಇದಕ್ಕೆ ಅನ್ನೋದು ಕಂಪ್ನಿ ಮಾಲು ಅಂತ" ಅಂದ. ದೊಡ್ಡಮ್ಮ ನಗಲಿಲ್ಲ. ಬಿಚ್ಚಿಹೋಗಿರದ ತುರುಬನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಖುಷಿಯಾದಾಗ ಅವಳು ಮಾಡುತ್ತಿದ್ದುದು ಅಷ್ಟೇ. ಆ ತಿಂಗಳು ಅವಳ ತುರುಬು ಬಹಳ ಸಲ ಬಿಚ್ಚಿಕೊಂಡಿತು.

ಸಿರಾ ಅತ್ತೆಯ ಕಥೆ ಹೇಳದಿದ್ದರೆ ಪಾಪ ಬರುತ್ತೆ. ಅದೇ ಆ ನಾದಿನಿ. ಬೀದಿಗೆಲ್ಲ ಅವರು ಸಿರಾ ಅತ್ತೆ. ಗೌರಿಹಬ್ಬಕ್ಕೆ ಬಂದವರು ಟೀ ಕುಡಿದು, "ಏಕ್‌ದಂ ಫಸ್ಟ್ ಕ್ಲಾಸ್ ಅತ್ತಿಗೆ, ಯಾವ ಪುಡಿ?" ಅಂದರು. ದೊಡ್ಡಮ್ಮ ಡಬ್ಬಿ ತೋರಿಸಿದಳು. ಅವರು ಫೋಟೊ ಹೊಡೆದುಕೊಂಡು ಹೋದರು. ಸಿರಾದಲ್ಲಿ ಅದೇ ನೇರಳೆ ಪ್ಯಾಕೆಟ್ ತಂದು ಟೀ ಮಾಡಿ ಫೋನ್ ಮಾಡಿದರು. ರುಚಿ ಬಿಲ್ಕುಲ್ ಬೇರೆ ಅಂತೆ, ನೀನು ಏನು ಹಾಕುತ್ತೀಯ ಅಂತೆ.

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಅವಳು ಫೋನಿಗೆ ಹೇಳಿದಳು: "ಪುಡಿ ಅದೇ ಕಣಮ್ಮ. ನೀರು. ನಿಮ್ ಸಿರಾ ನೀರಿಗೆ ಅದು ಬರಾಕಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಹೌದಾ ಅಂತ ಸುಮ್ಮನಾಗುತ್ತಿದ್ದರು. ಸಿರಾ ಅತ್ತೆ ಮುಂದಿನ ವಾರ ಖಾಲಿ ಕ್ಯಾನ್ ಕಳಿಸಿದರು. ದೊಡ್ಡಪ್ಪನಿಗೆ ತನ್ನ ಊರಿನ ನೀರಿಗೆ ಸಿಕ್ಕ ಮರ್ಯಾದೆ ನೋಡಿ ಎದೆ ಉಬ್ಬಿತು. ಅವನೇ ನಲ್ಲಿಯಲ್ಲಿ ಹಿಡಿದು, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಬಸ್ ಸ್ಟ್ಯಾಂಡಿಗೆ ಹೊತ್ತು, ತನ್ನ ಕಾಲದ ಡ್ರೈವರ್‌ಗಳ ಕೈಗೆ ಒಪ್ಪಿಸುತ್ತಿದ್ದ. ಮಧುಗಿರಿ ನಲ್ಲಿ ನೀರು ಬಸ್ ಹತ್ತಿ ಸಿರಾಕ್ಕೆ ಹೋಯಿತು. ಬಸ್ಸಿನಲ್ಲಿ ಬಸುರಿಯರು ನಿಂತು, ಕ್ಯಾನ್ ಸೀಟಿನ ಮೇಲೆ ಕೂತು ಹೋಗುತ್ತಿತ್ತು ಅಂತ ನಾನು ಹೇಳುತ್ತಿದ್ದೆ. ಅಲ್ಲಿ ಕಂಪನಿ ಪುಡಿಗೆ ಈ ನೀರು ಹಾಕಿ ಟೀ ಮಾಡಿ ಸಿರಾ ಅತ್ತೆ ಮತ್ತೆ ಫೋನ್ ಮಾಡಿದರು. ಈಗ ಬಂತು ನೋಡು ಅತ್ತಿಗೆ, ಅದೇ ರುಚಿ.

ಅದೇ ರುಚಿಯಂತೆ. ದೊಡ್ಡಮ್ಮ ಫೋನ್ ಇಟ್ಟು ನೆಲದ ಮೇಲೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ಅಲ್ಲಾಡಿದಳು. ಆಗ ನಾನು, ಇಷ್ಟು ದಿನ ಆಡಿಕೊಂಡರಲ್ಲ, ಈಗ ಹೇಳಿಬಿಡೋಣ, ಅವರು ಕುಡಿದು ಹೊಗಳಿದ್ದು ಧೂಳೇ ಅಂತ ಅಂದೆ. ಎಂಥ ಕ್ಲೈಮ್ಯಾಕ್ಸ್ ಅದು. ಅವಳ ನಗು ನಿಂತಿತು.

"ಹೇಳಿದ್ರೆ ಆ ಮಾತು ಮತ್ತೆ ಮನೆಗೆ ಬರ್ತೈತೆ. ಬರೋದು ಬ್ಯಾಡ."

ನೀನು ಇರೋವರೆಗೂ ಹೇಳಲ್ಲ ಬಿಡು ಅಂದೆ.

"ಸತ್ತ ಮ್ಯಾಲೂ ಹೇಳಬ್ಯಾಡ ಕಣೇ. ಸತ್ತೋರಿಗೆ ಬೈದ್ರೆ ಅವ್ರು ತಿರುಗಿ ಬೈಯಾಕೆ ಆಗಲ್ಲ." ಅಷ್ಟು ಹೇಳಿ, ನನ್ನ ಮುಖ ಸಣ್ಣಗಾಗಿದ್ದು ನೋಡಿ, "ಪೋನೀಲೇ" ಅಂದಳು.

ಪೋನೀಲೇ ಅಂದರೆ ಹೋಗಲಿ ಬಿಡು. ಅವಳ ಎಲ್ಲ ಮಾತೂ ಮುಗಿಯುತ್ತಿದ್ದುದು ಅಲ್ಲೇ. ಹಾಲು ಉಕ್ಕಿದರೆ ಪೋನೀಲೇ, ನಾನು ಫೇಲಾದರೆ ಪೋನೀಲೇ. ದೊಡ್ಡಪ್ಪ ಅದನ್ನು ಮೂಗಿನಿಂದ ಅಣಕಿಸುತ್ತಿದ್ದ, ಆದರೆ ಪದ ಬಿಟ್ಟು, ರಾಗ ಮಾತ್ರ. ಪದ ನಾಲಿಗೆಗೆ ತಾಕಿದರೆ ಮೈಲಿಗೆ ಅನ್ನುವ ಹಾಗೆ.

ಹೋದ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಬಂತು. ಕೆಮ್ಮು ಉಬ್ಬಸ ಆಯಿತು. ಬೇರೆ ಊರಿನಲ್ಲಿದ್ದ ಮಗ ಸೊಸೆ ಬಂದು ತುಮಕೂರಿಗೆ ಕರೆದುಕೊಂಡು ಹೋದರು. ವಾಪಸ್ ಬಂದದ್ದು ಆಂಬುಲೆನ್ಸ್‌ನಲ್ಲಿ, ಸೈರನ್ ಇಲ್ಲದೆ.

ಇಲ್ಲಿ ನಾನು ಏನಾದರೂ ಸೇರಿಸಬೇಕು. ಎಲ್ಲ ಕಡೆಯೂ ಸೇರಿಸಿದ್ದೇನೆ. ಇಲ್ಲಿ ಏನೂ ಹೊಳೆಯುತ್ತಿಲ್ಲ. ಜನ ಅಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಯಾರೋ ಬಂದವರಿಗೆ ಟೀ ಮಾಡಿ ಹಾಗೇ ಬಿಟ್ಟಿದ್ದರು. ಅದನ್ನು ನೋಡಿದೆ. ಒತ್ತಲಿಲ್ಲ. ಮನೆಗೆ ಬಂದು ಉಪ್ಪಿಟ್ಟು ತಿಂದೆ. ಇನ್ನೊಂದು ಸಲ ಹಾಕಿಸಿಕೊಂಡೂ ತಿಂದೆ. ಅಮ್ಮ ನನ್ನನ್ನು ಒಂಥರಾ ನೋಡಿದಳು.

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಗುಂಡಿಯ ಮೇಲೆ ಹಾಲುತುಪ್ಪ ಬಿಟ್ಟು, ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಯ ಮೇಲೆ ಇಟ್ಟು ಬರುವುದು ನಮ್ಮಲ್ಲಿ ಪದ್ಧತಿ. ಕೋಡುಬಳೆ, ಬಾಳೆಹಣ್ಣು, ಎಲೆಯಡಿಕೆ. ಸಿರಾ ಅತ್ತೆ ಬ್ಯಾಗಿನಿಂದ ಹೊಚ್ಚಹೊಸ ನೇರಳೆ ಪ್ಯಾಕೆಟ್ ತೆಗೆದು ಎಲೆಯ ನಡುವೆ ಇಟ್ಟರು. ನಮ್ಮತ್ತಿಗೆಗೆ ಕಂಪನಿ ಟೀ ಬಿಟ್ಟರೆ ಆಗುತ್ತಿರಲಿಲ್ಲ ಅಂತ ಅತ್ತರು. ನಿಜವಾಗಿಯೇ ಅತ್ತರು. ಮಾರ್ಟ್ ಬಂದಾಗಿನಿಂದ ಬುಟ್ಟಿ ಹತ್ತಿ ಇಳಿದು, ಬಿಲ್ಲಾಗದೆ ಉಳಿದಿದ್ದ ಆ ನಗುವ ಹೆಂಗಸು ಕೊನೆಗೂ ದೊಡ್ಡಮ್ಮನ ಪಾಲಿಗೆ ಬಂದಳು. ನನ್ನ ಬಾಯಿ ಮುಚ್ಚಿಯೇ ಇತ್ತು. ಆ ಮನೆಯವರ ಕಿವಿಗೆ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ.

ಆಮೇಲೆ ಡಬ್ಬಿ ಖಾಲಿಯಾಯಿತು. ದೊಡ್ಡಪ್ಪ ತಾನೇ ಹೋಗಿ ನೇರಳೆ ಪ್ಯಾಕೆಟ್ ತಂದ. ಇಲ್ಲೇ ಉಳಿದುಕೊಂಡಿದ್ದ ಸೊಸೆ ಟೀ ಮಾಡಿ ಕೊಟ್ಟಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಮಾರನೇ ದಿನವೂ ಅದೇ. ಬಾಯಿಗೆ ರುಚಿಯೇ ಇಲ್ಲ ಅಂದ. ಅವಳ ಜೊತೆಗೇ ನಾಲಿಗೆಯೂ ಹೋಯಿತು ಅಂದ. ಊಟವೂ ಕಮ್ಮಿಯಾಯಿತು. ಜಗುಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ, ಬರುವ ಬಸ್ಸನ್ನೂ ನೋಡುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ಬೀದಿಯವರು ದುಃಖ ಅಂದರು. ಸಿರಾ ಅತ್ತೆಗೆ ಎಲ್ಲದಕ್ಕೂ ನೀರೇ ಕಾರಣ. ಅವರು ಸಿದ್ದರಬೆಟ್ಟದ ಔಷಧಿ ನೀರನ್ನು ಅದೇ ಕ್ಯಾನಿನಲ್ಲಿ ತುಂಬಿಸಿ ತಂದರು. ಕ್ಯಾನ್ ಈ ಸಲ ಉಲ್ಟಾ ಪ್ರಯಾಣ ಮಾಡಿ ಮಧುಗಿರಿಗೆ ಬಂತು. ಆ ನೀರಿನಲ್ಲಿ ಟೀ ಆಯಿತು. ದೊಡ್ಡಪ್ಪ ಲೋಟ ಕೆಳಗಿಟ್ಟ.

ಇಡೀ ಮಧುಗಿರಿಯಲ್ಲಿ ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೆ. ಎಲ್ಲರೂ ದುಃಖ ಅನ್ನುತ್ತಿರುವುದು ಬರೀ ಬ್ರಾಂಡ್ ವ್ಯತ್ಯಾಸ. ಮನುಷ್ಯ ಹಳದಿಗೆ ಒಗ್ಗಿಕೊಂಡಿದ್ದಾನೆ, ಈಗ ನೇರಳೆ ಕೊಡುತ್ತಿದ್ದಾರೆ, ಇನ್ನೇನಾಗುತ್ತೆ? ಹೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತೆ. ಆದರೆ ಹೇಳಿದ ಸಾಯಂಕಾಲಕ್ಕೆ ಸಿರಾಕ್ಕೆ ಫೋನ್ ಹೋಗುತ್ತೆ, ಧೂಳಿನ ಮಾತು ವಾಪಸ್ ಬರುತ್ತೆ, ತಿರುಗಿ ಬೈಯಲು ಅವಳಿಲ್ಲ. ಹೇಳದಿದ್ದರೆ ಇವನು ಹೀಗೇ ಒಣಗುತ್ತಾನೆ. ಎರಡೂ ಆಗದ ದಾರಿ ಒಂದಿತ್ತು. ಅದು ನನಗೆ ಹೊಳೆದಾಗ ನನ್ನ ಬುದ್ಧಿಗೆ ನಾನೇ ಒಂದು ಸಲಾಮು ಹೊಡೆದೆ.

ಮಾರ್ಟ್‌ಗೆ ಒಬ್ಬಳೇ ಹೋದೆ. ಬುಟ್ಟಿಯಲ್ಲಿ ಹಳದಿ ಟೀ ಪುಡಿ ಇಟ್ಟೆ. ಯಾಕೋ ಗೊತ್ತಿಲ್ಲ, ಕೈ ತಾನಾಗಿ ಹೋಗಿ ನೇರಳೆ ಪ್ಯಾಕೆಟ್ ತೆಗೆದು ಮೇಲಿಟ್ಟಿತು. ಮುದುಡಿದ ಮೂಲೆಯದು. ಬಿಲ್ಲಿನ ಹುಡುಗಿ ತಲೆ ಎತ್ತದೆಯೇ ಅದನ್ನು ತೆಗೆದು ಪಕ್ಕಕ್ಕಿಟ್ಟು, ಹಳದಿಯನ್ನು ಬಿಲ್ ಮಾಡಿದಳು. ಆಮೇಲೆ ನನ್ನ ಹಿಂದೆ ನೋಡಿದಳು.

"ಅಮ್ಮ ಬರ್ನಿಲ್ವಾ?"

"ಇಲ್ಲ" ಅಂದೆ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ನಾನು, ಕೇಳಿದ್ದಕ್ಕೆ ಹತ್ತರಷ್ಟು ಹೇಳುವವಳು.

ಸೊಸೆ ಗಿರಣಿಗೆ ಹೋಗಿದ್ದ ಹೊತ್ತು ನೋಡಿ ಒಳಗೆ ಹೋದೆ. ದೊಡ್ಡಪ್ಪ ತಂದಿದ್ದ ಪುಡಿಯನ್ನು ಕವರಿಗೆ ಸುರಿದು ಬ್ಯಾಗಿಗೆ ಹಾಕಿಕೊಂಡೆ. ಡಬ್ಬಿಗೆ ಹಳದಿ ತುಂಬಿಸಿದೆ. ಅದೇ ಪಾತ್ರೆ, ಅದೇ ನಲ್ಲಿ ನೀರು. ದೊಡ್ಡಮ್ಮ ಮಾಡುತ್ತಿದ್ದ ಹಾಗೇ ಪುಡಿ ಹಾಕಿ, ಉಕ್ಕಿ ಬರುವಾಗ ಇಳಿಸಿ, ಮತ್ತೆ ಇಟ್ಟೆ. ಎಷ್ಟೋ ಸಲ ನೋಡಿದ್ದೆ. ಅವಳ ಸ್ಟೀಲ್ ಲೋಟಕ್ಕೇ ಸೋಸಿದೆ. ಜಗುಲಿಗೆ ತಂದು ದೊಡ್ಡಪ್ಪನ ಕೈಗೆ ಕೊಟ್ಟು, ಎದುರಿಗೆ ಚಪ್ಪಡಿ ಕಲ್ಲಿನ ಮೇಲೆ ಕೂತೆ. ನನ್ನ ಕೈಯಲ್ಲೂ ಒಂದು ಲೋಟ. ಇದಕ್ಕೆ ಅನ್ನೋದು ಕಂಪ್ನಿ ಮಾಲು ಅಂತ ಅವನು ಅನ್ನುತ್ತಾನೆ, ನಾನು ಆಕಾಶ ನೋಡುತ್ತೇನೆ. ಅಲ್ಲಿಯವರೆಗೆ ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಕಾಲೇಜಿನಲ್ಲಿ ಹೇಗೆ ಹೇಳಬೇಕು ಅನ್ನುವುದೂ ಸಿದ್ಧವಾಗಿತ್ತು.

ಅವನು ಗುಟುಕರಿಸಿದ. ನಾಲಿಗೆ ತಿರುಗಿಸಿದ. ಲೋಟದೊಳಗೆ ನೋಡಿದ.

"ಊಹೂಂ" ಅಂದ.

ನಾನೂ ಕುಡಿದೆ. ಅದೇ ಟೀ. ಏನೂ ತಪ್ಪಾಗಿರಲಿಲ್ಲ. ಇನ್ನೊಂದು ಗುಟುಕು ಕುಡಿದು ನೋಡಿದೆ. ಅವಳು ಮಾಡುತ್ತಿದ್ದದ್ದೇ, ಅದೇ ಪುಡಿ, ಅದೇ ನೀರು. ಬಿಸಿಯಾಗಿತ್ತು, ಒಳಗೆ ಹೋಯಿತು, ಅಷ್ಟೇ.

"ಕಂಪ್ನಿಯೋರು ಏನೋ ಬದಲಾಯಿಸ್ಬುಟ್ಟವ್ರೆ ಕಣಮ್ಮ" ಅಂದ ದೊಡ್ಡಪ್ಪ. "ಮೊದ್ಲು ಇಂಗಿರ್ನಿಲ್ಲ."

"ಹೂಂ ದೊಡ್ಡಪ್ಪ. ಕಂಪ್ನಿಯೋರೇ."

ರಸ್ತೆಯಲ್ಲಿ ಪಾವಗಡದ ಬಸ್ಸು ಹೋಯಿತು. ಡ್ರೈವರ್ ಹಾರ್ನ್ ಹೊಡೆದ, ಇವನಿಗಾಗಿಯೇ ಹೊಡೆದದ್ದು. ಇವನು ಕೈ ಎತ್ತಲಿಲ್ಲ. ಲೋಟವನ್ನು ಕೆಳಗಿಡಲು ಬಗ್ಗಿದವನು ಇಡಲಿಲ್ಲ, ಹಾಗೇ ಹಿಡಿದುಕೊಂಡು ಕೂತ. ಆಮೇಲೆ, ನನಗೂ ಅಲ್ಲ, ಬಸ್ಸಿಗೂ ಅಲ್ಲ, "ಪೋನೀಲೇ" ಅಂದ.

ಅಣಕಿಸಲಿಲ್ಲ. ಪದವನ್ನೇ ಹೇಳಿದ. ಹೇಳಿ, ಉಳಿದ ಟೀ ಪೂರ್ತಿ ಕುಡಿದು, ಲೋಟ ನನ್ನ ಕೈಗೆ ಕೊಟ್ಟ.

ನಾನು ಒಳಗೆ ಹೋದೆ. ಡಬ್ಬಿ ತೆರೆದೇ ಇತ್ತು. ಕೈಯಿಂದ ಒತ್ತಿದೆ, ಕೂರಲಿಲ್ಲ. ನೆಲದ ಮೇಲಿಟ್ಟು, ಪಕ್ಕದಲ್ಲಿ ಕೂತು, ಮೊಣಕೈಯಿಂದ ಒತ್ತಿದೆ. ಟಕ್ ಅಂದಿತು.